ಟಾರ್ಚ್ ಆ್ಯಪ್‌ಗೆ ನಮ್ಮ ಠಿಕಾಣಿ ಏಕೆ?

ಮಾನ್ಯರೇ,

ಜಿಪಿಎಸ್ ಆರಿಸಿಟ್ಟರೆ ತಾವಿರುವ ಜಾಗ ಯಾರಿಗೂ ತಿಳಿಯದು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಫೋನ್ ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ಉಪಗ್ರಹಕ್ಕೆ ನಮ್ಮ ಸುಳಿವೇ ಇರುವುದಿಲ್ಲ. ಆ ಲೆಕ್ಕವನ್ನು ಹೊರಗೆ ಸಾಗಿಸುವುದು ಆ್ಯಪ್‌ಗಳು. ಜಿಪಿಎಸ್ ಇಲ್ಲದಿದ್ದರೂ ನಾವು ಯಾವ ಟವರ್‌ನ ವ್ಯಾಪ್ತಿಯಲ್ಲಿದ್ದೇವೆ ಎಂಬುದು ಮೊಬೈಲ್ ಕಂಪನಿಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ಕರೆ ತಲುಪುವುದಾದರೂ ಹೇಗೆ?

ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿದವರನ್ನು ಹುಡುಕಲು ಈ ಮಾಹಿತಿ ಬೇಕು. ಸೂರ್ಯೋದಯದ ಸಮಯ ತೋರಿಸಲು ಪಂಚಾಂಗದ ಆ್ಯಪ್ ಊರು ಕೇಳಿದರೂ ಒಪ್ಪೋಣ. ಬರೀ ಬೆಳಕು ಕೊಡುವ ಟಾರ್ಚ್ ಆ್ಯಪ್‌ಗೆ ಅದೇಕೆ? ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಆಯ್ಕೆ ಫೋನ್‌ನಲ್ಲಿದೆ. ಆಂಡ್ರಾಯ್ಡ್ 12ರಿಂದ ನಿಖರ ಸ್ಥಳದ ಬದಲು ಅಂದಾಜು ಸ್ಥಳವನ್ನಷ್ಟೇ ಕೊಡಬಹುದು. ಅವಸರದಲ್ಲಿ ‘ಅನುಮತಿಸಿ’ ಒತ್ತುವ ಹಿರಿಯರಿಗೆ ಇದನ್ನು ಹೇಳುವವರಿಲ್ಲ.

ಆರೋಪಿಯೂ ಗೂಗಲ್ ಮ್ಯಾಪ್‌ನಲ್ಲಿ ತನ್ನ ಸ್ಥಳವನ್ನು ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂದು ಜಾಮೀನಿಗೆ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಹಾಗಿರುವಾಗ ಸಾಮಾನ್ಯರು ಕಂಡಕಂಡ ಆ್ಯಪ್‌ಗಳಿಗೆ ಅದನ್ನೇಕೆ ಒಪ್ಪಿಸಬೇಕು? ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಫೋನ್ ಕೈಯಲ್ಲಿ ಹಿಡಿಸಿಯೇ ಈ ಆಯ್ಕೆಗಳನ್ನು ಕಲಿಸಲು ಸರ್ಕಾರ ಕೂಡಲೇ ವ್ಯವಸ್ಥೆ ಮಾಡಲಿ.

– ಒಬ್ಬ ಓದುಗ, ಶಿವಮೊಗ್ಗ