ಕೃತಕ ಮೂಳೆ ಅಂದ್ರೆ ರೆಡಿಮೇಡ್ ಮೂಳೆ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಲ್ಯಾಬಲ್ಲಿ ಕೃತಕ ಮೂಳೆ ರೆಡಿ ಅನ್ನೋ ಥರದ ಸುದ್ದಿ ಪೇಪರ್‌ಗಳಲ್ಲಿ ಆಗಾಗ ಬರ್ತಾನೇ ಇರುತ್ತೆ, ಹೋದ ವರ್ಷ ಅಂಥದೊಂದು ಕಟಿಂಗ್ ಹಿಡ್ಕೊಂಡು ನಮ್ಮಮ್ಮ ಡಾಕ್ಟ್ರ ಮುಂದೆ ನಿಂತಿದ್ರು, "ಇದನ್ನೇ ಹಾಕ್ಬಿಡಿ ಡಾಕ್ಟ್ರೇ, ಮಗು ಸೊಂಟ ಯಾಕೆ ಕುಯ್ತೀರಾ" ಅಂತ. ಮಗು ಅಂದ್ರೆ ನನ್ನ ತಮ್ಮ, 29 ವರ್ಷ.

ಬೈಕ್ ಆಕ್ಸಿಡೆಂಟಲ್ಲಿ ಅವನ ಮೊಣಕಾಲ ಕೆಳಗಿನ ಮೂಳೆ ಸುಮಾರು 6 ಸೆಂಟಿಮೀಟರ್ ಹೋಗೇಬಿಟ್ಟಿತ್ತು. ದೊಡ್ಡಪ್ಪ ಪುತ್ತೂರು ಕಟ್ಟು ಹಾಕ್ಸೋಣ ಅಂದ್ರು. ಮುರಿದಿರೋದು ಕೂಡುತ್ತೆ ಸರಿ, ಮಧ್ಯದಲ್ಲಿ ಮೂಳೆನೇ ಇಲ್ದಿದ್ರೆ ಯಾವುದನ್ನ ಯಾವುದಕ್ಕೆ ಕೂಡ್ಸೋದು? ಇಲಿಜರೋವ್ ರಿಂಗ್ (ಕಾಲಿನ ಹೊರಗಡೆಯಿಂದ ಮೂಳೆಗೆ ತಂತಿ ಚುಚ್ಚಿ ಹಿಡಿಯೋ ಲೋಹದ ಬಳೆಗಳು) ಹಾಕಿದ್ರೆ ಇರೋ ಮೂಳೇನೇ ಕತ್ತರಿಸಿ ಗ್ಯಾಪ್ ಕಡೆಗೆ ದಿನಕ್ಕೆ 1 ಮಿಲಿಮೀಟರ್ ಸರಿಸ್ತಾ ಹೋಗ್ಬೇಕು, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತೆ, ಸರಿಸೋಕೇ 2 ತಿಂಗಳು, ಆಮೇಲೆ ಗಟ್ಟಿಯಾಗೋವರೆಗೂ ರಿಂಗ್ ಕಾಲಲ್ಲೇ. ತಮ್ಮ ಒಪ್ಲಿಲ್ಲ. ಮಾಸ್ಕಲೆ ಅನ್ನೋ ಫ್ರೆಂಚ್ ಸರ್ಜನ್ 1980ರ ದಶಕದಲ್ಲಿ ಶುರು ಮಾಡಿದ ಇನ್ನೊಂದು ವಿಧಾನ ಮಾಡಿಸಿದ್ವಿ. ಮೊದ್ಲು ಗ್ಯಾಪಲ್ಲಿ ಆಂಟಿಬಯೋಟಿಕ್ ಕಲಸಿದ ಬೋನ್ ಸಿಮೆಂಟ್ (ಗಟ್ಟಿಯಾಗೋ ಒಂಥರಾ ಪ್ಲಾಸ್ಟಿಕ್) ಇಟ್ಟು ಹೊಲೀತಾರೆ, 6-8 ವಾರದಲ್ಲಿ ಅದರ ಸುತ್ತ ದೇಹ ತಾನಾಗೇ ಒಂದು ಪೊರೆ ಕಟ್ಕೊಳ್ಳುತ್ತೆ, ಅದರ ತುಂಬ ರಕ್ತನಾಳ. ಮತ್ತೆ ಆಪರೇಷನ್ ಮಾಡಿ ಸಿಮೆಂಟ್ ತೆಗೆದು ಆ ಪೊರೆ ಚೀಲಕ್ಕೆ ಸೊಂಟದಿಂದ ತೆಗೆದ ಮೂಳೆ ಚೂರು ತುಂಬ್ತಾರೆ.

ಸೊಂಟದಲ್ಲಾದ್ರೂ ಎಷ್ಟು ಅಂತ ಕೆರೆಯೋದು? ಕಮ್ಮಿ ಬಿದ್ದಷ್ಟಕ್ಕೆ ಸೆರಾಮಿಕ್ ಹರಳು ಬೆರೆಸಿದ್ರು, ಹೈಡ್ರಾಕ್ಸಿಅಪಟೈಟು ಟ್ರೈಕ್ಯಾಲ್ಸಿಯಂ ಫಾಸ್ಫೇಟು ಅನ್ನೋ ಎರಡು ಕ್ಯಾಲ್ಸಿಯಂ ಖನಿಜ ಸೇರಿದ್ದು, ನೋಡೋಕೆ ದಪ್ಪ ರವೆ. ಮೊದಲನೇದು ನಿಧಾನಕ್ಕೆ ಕರಗುತ್ತೆ, ಎರಡನೇದು ಬೇಗ, ಅದಕ್ಕೇ ಮಿಕ್ಸ್. ಪೇಪರಲ್ಲಿ ಬರೋ ಕೃತಕ ಮೂಳೆ ಬಹಳಷ್ಟು ಸಲ ಇದರ ದಾಯಾದಿನೇ. ಇದು ಹೀರೆ ಬಳ್ಳಿಗೆ ಹಾಕೋ ಚಪ್ಪರ ಸ್ವಾಮಿ, ಬಳ್ಳಿ ಅಲ್ಲ. ಹಬ್ಬಬೇಕಾದ್ದು ನಮ್ಮ ಜೀವಕೋಶಗಳೇ, ಅದಕ್ಕೆ ರಕ್ತ ಓಡಾಡ್ಬೇಕು, ಇನ್ಫೆಕ್ಷನ್ ಇರ್ಬಾರ್ದು, ಸಿಗರೇಟ್ ಅಂತೂ ಮುಟ್ಟೋ ಹಾಗಿಲ್ಲ (ಇವನು ಕದ್ದು ಸೇದ್ತಿದ್ದ, ಅದು ಬೇರೆ ಕಥೆ). ಸೆರಾಮಿಕ್ ತಿರುಚಿದ್ರೆ ಪಟ್ಟಂತ ಒಡೆಯೋ ವಸ್ತು, ಅಷ್ಟು ದಿನ ಭಾರ ಹೊರೋದೆಲ್ಲ ಮೂಳೆ ಒಳಗೆ ಹಾಕಿರೋ ಲೋಹದ ರಾಡು.

ಬಿಲ್ಲಲ್ಲಿ ಆ ರವೆಗೆ ದೊಡ್ಡ ಮೊತ್ತ, ಯಾವ ಕಂಪನಿ, ಎಷ್ಟು ಸಿಸಿ ಏನೂ ಬರೆದಿರ್ಲಿಲ್ಲ. 2017ರಲ್ಲಿ ಸ್ಟೆಂಟಿಗೂ ಮೊಣಕಾಲ ಇಂಪ್ಲಾಂಟಿಗೂ ಸರ್ಕಾರ ರೇಟ್ ಕಟ್ಟಿತ್ತಲ್ಲ, ಇದಕ್ಕೂ ಕಟ್ಟಲಿ. ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆ ಇಂಥ ಸೆರಾಮಿಕ್‌ಗಳನ್ನ ನಮ್ಮ ದೇಶದಲ್ಲೇ ಅಭಿವೃದ್ಧಿ ಮಾಡಿದೆ, ಬೆಂಗಳೂರಿನ ಐಐಎಸ್‌ಸಿಯಲ್ಲೂ (ಭಾರತೀಯ ವಿಜ್ಞಾನ ಸಂಸ್ಥೆ) ಬಯೋಮೆಟೀರಿಯಲ್, ಅಂದ್ರೆ ದೇಹದೊಳಗೆ ಬಳಸೋ ವಸ್ತುಗಳ ಕೆಲಸ ನಡೀತಿದೆ, ಅದನ್ನೂ ಬರೀರಿ, ಬೇಡ ಅಂದವರ್ಯಾರು. ಆದ್ರೆ ಪ್ರಯೋಗ ಮಾಡಿದ್ದು ಮೊಲಕ್ಕೋ ಮನುಷ್ಯರಿಗೋ, ತುಂಬಿದ ಗ್ಯಾಪ್ ಎಷ್ಟು ಸೆಂಟಿಮೀಟರ್, ಪೇಷಂಟ್ ಎಷ್ಟು ತಿಂಗಳಿಗೆ ಕಾಲೂರಿದ್ರು, ಇಷ್ಟನ್ನ ಹೆಡ್ಡಿಂಗ್ ಕೆಳಗಿನ ಮೊದಲ ಪ್ಯಾರಾದಲ್ಲೇ ಹಾಕಿ. ನನ್ನ ತಮ್ಮ ಕೋಲು ಬಿಟ್ಟಿದ್ದು 11ನೇ ತಿಂಗಳಿಗೆ. ಅಮ್ಮ ಆ ಕಟಿಂಗ್‌ನ ಇನ್ನೂ ಬೀರುವಲ್ಲಿಟ್ಟಿದ್ದಾರೆ.

ಇತಿ,
ಒಬ್ಬ ಓದುಗ, ತುಮಕೂರು