ಒಳ್ಳೆಯವರ ಕರುಣೆಯಲ್ಲಿ ಬದುಕುವುದು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "377 ಹೋಯ್ತಲ್ಲ ಮಾರಾಯ, ಈಗ ನಿಮಗೂ ನಮಗೂ ಏನು ವ್ಯತ್ಯಾಸ?" ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಬಗ್ಗೆ ನೀನು ಹೇಳಿದ್ದು. ನೀನು ಕೊಂಕಿಗೆ ಕೇಳಿದ್ದಲ್ಲ ಅಂತ ನನಗೆ ಗೊತ್ತು. ನಾನು ಗೇ ಅಂತ ಊರಿಗೆಲ್ಲ ತಿಳಿದ ಮೇಲೂ ಮೊದಲಿನ ಹಾಗೇ ಹೆಗಲ ಮೇಲೆ ಕೈ ಹಾಕಿದವನು ನೀನು. ಅದಕ್ಕೇ ಉತ್ತರವನ್ನು ಎರಡು ಮಾತಲ್ಲಿ ಮುಗಿಸೋಕೆ ಮನಸ್ಸು ಬರಲಿಲ್ಲ. ನಿನ್ನ ಹಾಗೇ ಪ್ರೀತಿಯಿಂದ ಇದನ್ನು ಕೇಳುವವರು ಇನ್ನೂ ಕೆಲವರಿದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಸುಮ್ನೆ ಬಂದ ಅಳು ಅಲ್ಲ ಅದು. 2009ರಲ್ಲಿ ದೆಹಲಿ ಹೈಕೋರ್ಟ್ ನಾವು ಅಪರಾಧಿಗಳಲ್ಲ ಅಂದಿತ್ತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಒಂದೇ ದಿನದಲ್ಲಿ ನಮ್ಮನ್ನು ಮತ್ತೆ ಅಪರಾಧಿಗಳನ್ನಾಗಿ ಮಾಡಿತ್ತು. ಆ ಐದು ವರ್ಷ ಕಾದಿದ್ದೆವಲ್ಲ, ಅದೆಲ್ಲ ಆವತ್ತು ಹೊರಗೆ ಬಂತು. ಈ ಜನರಿಗೂ ಇವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಬರೆದರು. ಬ್ರಿಟಿಷರ ಕಾಲದ ಆ ಕಲಂ, ಹಳೆಯ ದಂಡ ಸಂಹಿತೆಯ ಬದಲು ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಇದು ಸಣ್ಣದಲ್ಲ. ಪೊಲೀಸ್ ಕೇಸಿನ ಹೆದರಿಕೆ ತೋರಿಸಿ ನಮ್ಮವರ ಹತ್ತಿರ ದುಡ್ಡು ಕೀಳುತ್ತಿದ್ದವರಿಗೆ ಆ ಆಯುಧ ತಪ್ಪಿತು.

ಆದರೆ ಜೈಲಿಗೆ ಹಾಕುವುದಿಲ್ಲ ಅಂದರು, ಅಷ್ಟೇ. ನಾನೂ ನನ್ನ ಸಂಗಾತಿಯೂ ಒಬ್ಬರಿಗೊಬ್ಬರು ಏನು ಅಂತ ಕಾನೂನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅದು ಎಲ್ಲಿ ಕುತ್ತಿಗೆಗೆ ಬರುತ್ತದೆ ಅಂತ ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಜೋರು ಮಳೆಯ ಜುಲೈ. ಮುಂಬಯಿಯ ಮುಲುಂಡ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಅವನು ಜಾರಿ ಬಿದ್ದ. ಸೊಂಟದ ಮೂಳೆ ಮುರಿದಿತ್ತು. ಹತ್ತಿರದ ಆಸ್ಪತ್ರೆಗೆ ರಿಕ್ಷಾದಲ್ಲಿ ಒಯ್ದೆ. ಕೌಂಟರಿನಲ್ಲಿ ಡೆಪಾಸಿಟ್ ಕೇಳಿದರು, ನನ್ನ ಕಾರ್ಡಿನಿಂದ ಕಟ್ಟಿದೆ. ದುಡ್ಡು ಕಟ್ಟುವಾಗ ನಾನು ಯಾರು ಅಂತ ಯಾರೂ ಕೇಳಲಿಲ್ಲ. ಆಪರೇಷನ್ನಿನ ಫಾರ್ಮ್ ಬಂದಾಗ ಕೇಳಿದರು. ನೋವಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಅವನು ಮಂಪರಿನಲ್ಲಿದ್ದ. "ಜೊತೆಗೆ ಇರುವವನು, ಎಷ್ಟೋ ವರ್ಷದಿಂದ ಒಂದೇ ಮನೆ" ಅಂದೆ. ಆ ಹುಡುಗ ಪೆನ್ನು ವಾಪಸ್ ತೆಗೆದುಕೊಂಡ. ರಕ್ತಸಂಬಂಧಿಯೇ ಬೇಕಂತೆ. ಕೊಲ್ಹಾಪುರದಲ್ಲಿರುವ ಅವನ ಅಣ್ಣನಿಗೆ ಫೋನ್ ಮಾಡಿದೆ. ನನ್ನ ಕಾರಣಕ್ಕೇ ತಮ್ಮನ ಜೊತೆ ಮಾತು ಬಿಟ್ಟವರು ಅವರು. ಪಾಪ, ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಬಂದರು. ಫಾರ್ಮ್ ಕೈಗೆ ಸಿಕ್ಕಿತು. ಯಾವ ಔಷಧಿ ಇವನಿಗೆ ಆಗಿಬರುವುದಿಲ್ಲ ಅನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ನನ್ನ ಮುಖ ನೋಡಿದರು. ನಾನು ಹೇಳಿದೆ, ಅವರು ಬರೆದರು, ಕೆಳಗೆ ಸಹಿ ಹಾಕಿದರು.

ಆ ರಾತ್ರಿಯಿಡೀ ನನ್ನನ್ನು ಅವನ ಮಂಚದ ಪಕ್ಕ ಕೂರಲು ಬಿಟ್ಟದ್ದು ಕೇರಳದ ಒಬ್ಬ ನರ್ಸ್. ನಿಯಮದ ಪ್ರಕಾರ ಬಿಡಬೇಕಾಗಿರಲಿಲ್ಲ. ಆಕೆ ಒಳ್ಳೆಯವಳು, ಬಿಟ್ಟಳು. ನನ್ನ ಮಾತೆಲ್ಲ ಇಷ್ಟೇ ಗೆಳೆಯಾ. ನಿನ್ನ ಹೆಂಡತಿಯ ಮಂಚದ ಪಕ್ಕ ಕೂರಲು ನಿನಗೆ ನರ್ಸ್ ಒಳ್ಳೆಯವಳಾಗಿರಬೇಕು ಅಂತಿಲ್ಲ. ನಮಗೆ ಪ್ರತಿ ಕೌಂಟರಿನಲ್ಲೂ ಒಬ್ಬ ಒಳ್ಳೆಯ ಮನುಷ್ಯ ಸಿಗಬೇಕು. ಸಿಗದಿದ್ದರೆ ಕೇಳುವಂತಿಲ್ಲ.

ಬಾಡಿಗೆ ಮನೆಯದೂ ಇದೇ ಪಾಡು. ಇಬ್ಬರು ಗಂಡಸರು ಅಂದ ಕೂಡಲೇ ಬ್ರೋಕರ್‌ಗಳು ಫೋನ್ ಎತ್ತುತ್ತಿರಲಿಲ್ಲ. ಕಸಿನ್ಸ್ ಅಂತ ಹೇಳಿ ಅಂತ ಒಬ್ಬ ಬುದ್ಧಿ ಹೇಳಿದ. ಕೊನೆಗೆ ಮನೆ ಕೊಟ್ಟದ್ದು ನಮ್ಮ ಉಡುಪಿ ಕಡೆಯ ಒಬ್ಬ ಅಜ್ಜಿ. ಎಲ್ಲ ತಿಳಿದೇ ಕೊಟ್ಟರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆದರೆ 11 ತಿಂಗಳಿಗೊಮ್ಮೆ ಅಗ್ರಿಮೆಂಟ್ ಹೊಸದು ಮಾಡುವಾಗ, ಅಜ್ಜಿಯ ನಂತರ ಏನು ಅಂತ ಎದೆ ಒಂದು ಸಲ ಹೊಡೆದುಕೊಳ್ಳುತ್ತದೆ.

ನಮ್ಮಂಥ ಜೋಡಿಗಳ ಮದುವೆಯ ವಿಷಯ ನೀನು ಪತ್ರಿಕೆಯಲ್ಲಿ ಓದಿರಬೇಕು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ ಅಂದರು. ಮದುವೆ ಅಲ್ಲದಿದ್ದರೂ ಇಂಥ ಜೋಡಿಗಳ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಬೇಕು ಅಂದವರು ಇಬ್ಬರೇ. ಉಳಿದ ಮೂವರು ಅದು ಸಂಸತ್ತಿನ ಕೆಲಸ ಅಂದರು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದುಹೋದವು. ನಡುವೆ ಕೇಂದ್ರ ಸರ್ಕಾರ ನಮ್ಮಂಥವರ ತೊಂದರೆಗಳನ್ನು ನೋಡಲು ಒಂದು ಸಮಿತಿ ಮಾಡಿತು. 2024ರ ಆಗಸ್ಟ್‌ನಲ್ಲಿ, ನಮ್ಮಂಥವರು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿತು. ನಾವೂ ಹೋಗಿ ಖಾತೆ ತೆರೆದೆವು. ಸಂಬಂಧ ಅನ್ನುವಲ್ಲಿ ಮ್ಯಾನೇಜರ್ ಸ್ನೇಹಿತ ಅಂತ ಬರೆದರು.

ಆ ಖಾತೆಯ ಆಚೆಗೆ ನಾವು ಕಾನೂನಿನ ಕಣ್ಣಿಗೆ ಪರಕೀಯರೇ. ಗಂಡ ಹೆಂಡತಿಗೆ ಎಷ್ಟು ದುಡ್ಡು ಕೊಟ್ಟರೂ ಅವಳಿಗೆ ಅದರ ಮೇಲೆ ತೆರಿಗೆ ಇಲ್ಲ. ನಾನು ಅವನಿಗೆ ವರ್ಷಕ್ಕೆ 50,000ಕ್ಕಿಂತ ಜಾಸ್ತಿ ಉಡುಗೊರೆ ಕೊಟ್ಟರೆ ಅದು ಅವನ ಆದಾಯ, ತೆರಿಗೆ ಕಟ್ಟಬೇಕು. ಇದನ್ನು ಪ್ರಶ್ನಿಸಿ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಮಗುವನ್ನು ದತ್ತು ತೆಗೆದುಕೊಳ್ಳಬೇಕಾದರೆ ಒಬ್ಬನೇ ತೆಗೆದುಕೊಳ್ಳಬಹುದು, ಇಬ್ಬರೂ ಅಪ್ಪಂದಿರಾಗುವಂತಿಲ್ಲ. ಉಯಿಲು ಬರೆಯದೆ ನಾನು ಸತ್ತರೆ ನನ್ನದೆಲ್ಲ ಅಮ್ಮನಿಗೆ, ಅಮ್ಮ ಇಲ್ಲದಿದ್ದರೆ ಅಪ್ಪನಿಗೆ, ಹೀಗೇ ಸಾಲಾಗಿ ನೆಂಟರಿಗೆ. ಆ ಸಾಲಿನ ಕೊನೆಯಲ್ಲೂ ಅವನಿಲ್ಲ. ಉಯಿಲು ಬರೆದು ನೋಂದಣಿ ಮಾಡಿಸಿದ್ದೇವೆ. ನಲವತ್ತು ದಾಟುವ ಮೊದಲೇ ಸಾವಿನ ಕಾಗದ ಮಾಡಿಸಿಟ್ಟುಕೊಂಡು ಸಂಸಾರ ಮಾಡುವುದು ಹೇಗಿರುತ್ತದೆ ಅಂತ ಯೋಚನೆ ಮಾಡು.

ಇನ್ನು ಜನ. ಮುಂಬಯಿ ಮಟ್ಟಿಗೆ ನಾವು ಅದೃಷ್ಟವಂತರು, ನಿಜ. ನಮ್ಮಂಥವರದೇ 'ಬಾಂಬೆ ದೋಸ್ತ್' ಪತ್ರಿಕೆ ಶುರುವಾದದ್ದು ಇಲ್ಲೇ, 1990ರಲ್ಲಿ. 2008ರಲ್ಲಿ ನಮ್ಮವರ ಮೆರವಣಿಗೆ ಹೊರಟದ್ದು ಗಾಂಧೀಜಿ 'ಮಾಡು ಇಲ್ಲವೇ ಮಡಿ' ಅಂದ ಆಗಸ್ಟ್ ಕ್ರಾಂತಿ ಮೈದಾನದಿಂದ. ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವವನೇ ಮಾಟುಂಗದ ಕನ್ನಡ ಕಾರ್ಯಕ್ರಮದ ಊಟದ ಪಂಕ್ತಿಯಲ್ಲಿ ಕುಗ್ಗುತ್ತೇನೆ. ಪಕ್ಕದ ಎಲೆಯವರು "ಹುಡುಗಿ ನೋಡೋಣವಾ?" ಅನ್ನುತ್ತಾರೆ. ಅಲ್ಲಿ ನಮ್ಮ ಕಡೆಯ ಒಬ್ಬ ಹುಡುಗನಿದ್ದ, ನನ್ನಂಥವನೇ. ಮನೆಯವರ ಕಣ್ಣೀರಿಗೆ ಸೋತು ಮದುವೆಯಾದ. ಅವನ ಬದುಕು ಹೋಯಿತು ಅಂತ ಎಲ್ಲರೂ ಮರುಗುತ್ತಾರೆ, ನನಗೆ ಆ ಹುಡುಗಿಯ ಮುಖವೇ ಕಣ್ಣಮುಂದೆ ಬರುತ್ತದೆ. ಏನೂ ಗೊತ್ತಿಲ್ಲದೆ ಬಂದವಳು. ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಜೊತೆ ಮರ್ಯಾದೆಯಿಂದ ಬಾಳಬಹುದು ಅಂತಿದ್ದರೆ ಆ ಅನ್ಯಾಯ ಅವಳಿಗೆ ಆಗುತ್ತಿತ್ತಾ?

ನಿನ್ನಿಂದ ಒಂದು ಕೆಲಸ ಆಗಬೇಕು. ಮಂಗಳೂರಿನ ನಿಮ್ಮ ಕಂಪನಿಯಲ್ಲಿ ಎಚ್‌ಆರ್ ನೋಡಿಕೊಳ್ಳುವವನು ನೀನೇ ಅಲ್ವಾ? ಈ ಸಲ ನೌಕರರ ಆರೋಗ್ಯ ವಿಮೆ ನವೀಕರಿಸುವಾಗ, ಗಂಡ ಅಥವಾ ಹೆಂಡತಿ ಅನ್ನುವ ಜಾಗದಲ್ಲಿ ಸಂಗಾತಿಯೂ ಸೇರಲಿ ಅಂತ ವಿಮೆಯವರನ್ನು ಕೇಳು. ಇಲ್ಲಿನ ಕೆಲವು ದೊಡ್ಡ ಕಂಪನಿಗಳಲ್ಲಿ ಇದು ಈಗಾಗಲೇ ಇದೆ, ಸರ್ಕಾರದ ಅಪ್ಪಣೆಗೆ ಕಾಯಬೇಕಾಗಿಲ್ಲ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಫಾರ್ಮಿನಲ್ಲೂ ರಕ್ತಸಂಬಂಧದ ಷರತ್ತಿದ್ದರೆ ತೆಗೆಸು. ನಿಮ್ಮಲ್ಲಿ ಯಾರೂ ಅಂಥವರಿಲ್ಲ ಅನ್ನಬೇಡ, ಇರುತ್ತಾರೆ. ಅವರು ನಿನ್ನ ಟೇಬಲ್ ಮುಂದೆ ನಿಂತು ಬೇಡುವ ಮೊದಲೇ ಅದು ಅಲ್ಲಿ ಬರೆದಿರಲಿ. ಫಾರ್ಮಿನ ಪ್ರತಿ ನನಗೆ ಕಳಿಸು, ಭಾನುವಾರ ಫೋನಿನಲ್ಲಿ ಇಬ್ಬರೂ ಕೂತು ನೋಡೋಣ.

ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳು. ಅವನೂ ಕೇಳಿದ ಅಂತ ಹೇಳು.

ನಿನ್ನ,
ಮುಲುಂಡಿನ ಗೆಳೆಯ