ಚಿಕ್ಕಪ್ಪ ಕೊಟ್ಟರೆ ಉಡುಗೊರೆ, ಅಣ್ಣನ ಮಗ ಕೊಟ್ಟರೆ ಆದಾಯ

ಮಾನ್ಯ ಸಂಪಾದಕರೇ,

ತೆರಿಗೆ ಲೆಕ್ಕ ಬರೆಯುವ ವೃತ್ತಿಯಲ್ಲಿ ಬಹಳ ವರ್ಷ ಕಳೆದಿರುವ ನನಗೆ, ಉಡುಗೊರೆಯ ಬಗ್ಗೆ ಜನ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಾಗಿದೆ. ಆದರೆ 2025-26ನೇ ಆರ್ಥಿಕ ವರ್ಷದಲ್ಲಿ ಯುವಕರೊಬ್ಬರು ಕೇಳಿದ ಪ್ರಶ್ನೆಗೆ ಕಾನೂನಿನ ಉತ್ತರ ಹೇಳುವಾಗ ನಾಲಿಗೆ ತಡವರಿಸಿತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದು, ಚಿಕ್ಕಪ್ಪನೇ ಕಟ್ಟಿದ ಶುಲ್ಕದಲ್ಲಿ ಎಂಜಿನಿಯರಿಂಗ್ ಓದಿದವರು ಅವರು. ನಿವೃತ್ತರಾಗಿರುವ ಚಿಕ್ಕಪ್ಪನ ಹಳೆಯ ಮನೆಯ ದುರಸ್ತಿಗೆಂದು 6 ಲಕ್ಷ ರೂಪಾಯಿಯನ್ನು ಅವರ ಖಾತೆಗೆ ಹಾಕಬೇಕೆಂದಿದ್ದರು. ‘ರಕ್ತಸಂಬಂಧವಲ್ಲವೇ ಸರ್, ತೆರಿಗೆ ಇರುವುದಿಲ್ಲ ತಾನೇ?’ ಎಂದು ಕೇಳಿದರು. ಇದೆ ಎಂದು ಹೇಳಬೇಕಾಯಿತು.

ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 56ನೇ ಕಲಮಿನ ಪ್ರಕಾರ, ವರ್ಷವೊಂದರಲ್ಲಿ ಪ್ರತಿಫಲವಿಲ್ಲದೆ ಬಂದ ಹಣದ ಒಟ್ಟು ಮೊತ್ತ 50 ಸಾವಿರ ರೂಪಾಯಿಯನ್ನು ಮೀರಿದರೆ ಅದು ಪಡೆದವರ ‘ಇತರ ಮೂಲಗಳ ಆದಾಯ’ವಾಗುತ್ತದೆ. ಮೀರಿದ ಭಾಗಕ್ಕಷ್ಟೇ ತೆರಿಗೆ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ವಾಸ್ತವದಲ್ಲಿ 50 ಸಾವಿರದ ಮೇಲೆ ಒಂದು ರೂಪಾಯಿ ಹೆಚ್ಚಾದರೂ ಇಡೀ ಮೊತ್ತ ಆದಾಯಕ್ಕೆ ಸೇರುತ್ತದೆ. ‘ಸಂಬಂಧಿಕ’ರಿಂದ ಬಂದುದಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಆದರೆ ಸಂಬಂಧಿಕರು ಯಾರೆಂಬುದನ್ನು ಕಾಯ್ದೆಯೇ ಪಟ್ಟಿ ಮಾಡಿ ಹೇಳಿದೆ. ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಬಾಳಸಂಗಾತಿಯ ಒಡಹುಟ್ಟಿದವರು, ತಂದೆ-ತಾಯಿಯ ಒಡಹುಟ್ಟಿದವರು, ತಮ್ಮ ಮತ್ತು ಬಾಳಸಂಗಾತಿಯ ನೇರ ವಂಶದ ಹಿರಿಯರು ಹಾಗೂ ಕಿರಿಯರು, ಮತ್ತು ಇವರೆಲ್ಲರ ಗಂಡ-ಹೆಂಡಂದಿರು ಅದರಲ್ಲಿದ್ದಾರೆ.

ಈ ಪಟ್ಟಿಯನ್ನು ಓದಬೇಕಾದದ್ದು ಪಡೆಯುವವರ ಕಡೆಯಿಂದ. ಚಿಕ್ಕಪ್ಪ ಹುಡುಗನಿಗೆ ಕೊಟ್ಟಾಗ, ಅವರು ಹುಡುಗನ ತಂದೆಯ ಒಡಹುಟ್ಟಿದವರಾದ್ದರಿಂದ ತೆರಿಗೆಯಿಲ್ಲ. ಅದೇ ಹುಡುಗ ಚಿಕ್ಕಪ್ಪನಿಗೆ ಹಿಂದಿರುಗಿಸಿದಾಗ, ಒಡಹುಟ್ಟಿದವರ ಮಕ್ಕಳು ಪಟ್ಟಿಯಲ್ಲಿ ಇಲ್ಲವಾದ್ದರಿಂದ ಅವರು ಹೊರಗಿನವರಾಗುತ್ತಾರೆ. ಸೋದರಮಾವ-ಸೋದರಳಿಯ, ಅತ್ತೆ-ಸೋದರಸೊಸೆ, ಚಿಕ್ಕಮ್ಮ-ಅಕ್ಕನ ಮಗಳು, ಈ ಎಲ್ಲ ಜೋಡಿಗಳದ್ದೂ ಇದೇ ಕಥೆ. ಸಂಬಂಧ ಒಂದು ದಿಕ್ಕಿನಲ್ಲಿ ಉಂಟು, ಇನ್ನೊಂದು ದಿಕ್ಕಿನಲ್ಲಿ ಇಲ್ಲ. ನಾವು ‘ಅಣ್ಣ’ ಎಂದೇ ಕರೆಯುವ ದೊಡ್ಡಪ್ಪನ ಮಗನಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಆದರೆ ಹೆಂಡತಿಯ ತಂಗಿಯ ಗಂಡನಾದ ಷಡ್ಡಕನಿಗೆ ಇದೆ. ಬೀಗರಿಗಂತೂ ಇಲ್ಲವೇ ಇಲ್ಲ. ಕರಡು ಬರೆದವರು ಯಾವ ಮನೆಯ ವಂಶವೃಕ್ಷವನ್ನು ಮುಂದಿಟ್ಟುಕೊಂಡಿದ್ದರೋ ತಿಳಿಯದು.

ಆ ಚಿಕ್ಕಪ್ಪನ ಲೆಕ್ಕ ಹೀಗಿತ್ತು. ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ; ಹೊಸ ತೆರಿಗೆ ಪದ್ಧತಿಯಲ್ಲಿ 75 ಸಾವಿರದ ಪ್ರಮಾಣಿತ ಕಡಿತ ಕಳೆದರೆ 7.25 ಲಕ್ಷ, ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಅದಕ್ಕೆ 6 ಲಕ್ಷ ಸೇರಿದರೆ ಆದಾಯ 13.25 ಲಕ್ಷವಾಗಿ, ರಿಯಾಯಿತಿಯ 12 ಲಕ್ಷದ ಗೆರೆ ದಾಟುತ್ತದೆ. ಆಗ ಸೆಸ್ ಸೇರಿ 81,900 ರೂಪಾಯಿ ತೆರಿಗೆ ಬೀಳುತ್ತದೆ. ಹುಡುಗ ತನ್ನ ಸಂಬಳಕ್ಕೆ ಒಮ್ಮೆ ತೆರಿಗೆ ಕಟ್ಟಿ ಉಳಿಸಿದ ಹಣ ಇದು ಎಂಬುದನ್ನೂ ನೆನಪಿಡಬೇಕು. ಹಣದ ಬದಲು ಅಷ್ಟೇ ಬೆಲೆಯ ಕಾರು ಕೊಡಿಸಿದ್ದರೆ ಈ ಕಲಮಿನಡಿ ತೆರಿಗೆ ಇರುತ್ತಿರಲಿಲ್ಲ, ಏಕೆಂದರೆ ಚರಾಸ್ತಿಯ ಪಟ್ಟಿಯಲ್ಲಿ ಷೇರು, ಆಭರಣ, ಚಿನ್ನ-ಬೆಳ್ಳಿ ಗಟ್ಟಿ, ಕಲಾಕೃತಿ, ಪುರಾತನ ವಸ್ತು ಮತ್ತು ಕ್ರಿಪ್ಟೊದಂಥ ಡಿಜಿಟಲ್ ಆಸ್ತಿಗಳಿವೆಯೇ ಹೊರತು ಕಾರು ಇಲ್ಲ. ಸೋರುವ ಸೂರಿನ ಕೆಳಗೆ ಕಾರು ನಿಲ್ಲಿಸಿಕೊಂಡು ಅವರು ಮಾಡುವುದೇನು?

ಈ ತೆರಿಗೆಯ ಉದ್ದೇಶವನ್ನು ನಾನು ಪ್ರಶ್ನಿಸುತ್ತಿಲ್ಲ. 1958ರ ದಾನ ತೆರಿಗೆ ಕಾಯ್ದೆಯಲ್ಲಿ ತೆರಿಗೆ ಕಟ್ಟಬೇಕಾಗಿದ್ದವರು ಕೊಡುವವರು. 1998ರ ಅಕ್ಟೋಬರ್ 1ರಿಂದ ಅದು ರದ್ದಾದ ಮೇಲೆ, ಲೆಕ್ಕಕ್ಕೆ ಸಿಗದ ಹಣವನ್ನು ಪರಿಚಿತರ ಉಡುಗೊರೆ ಎಂದು ತೋರಿಸಿ ಬಿಳಿಯಾಗಿಸುವ ದಾರಿ ಸಲೀಸಾಯಿತು. ಆದ್ದರಿಂದ 2004ರ ಸೆಪ್ಟೆಂಬರ್ 1ರಿಂದ ಪಡೆಯುವವರ ಮೇಲೆ ತೆರಿಗೆ ಬಂತು, 2009ರ ಅಕ್ಟೋಬರ್‌ನಿಂದ ಆಸ್ತಿಯೂ ಅದರ ವ್ಯಾಪ್ತಿಗೆ ಸೇರಿತು. ಮೊದಲು 25 ಸಾವಿರವಿದ್ದ ಮಿತಿ 2006ರಲ್ಲಿ 50 ಸಾವಿರವಾಯಿತು ಮತ್ತು ಅಲ್ಲಿಗೇ ನಿಂತಿತು. ಅಂದು 1 ಲಕ್ಷವಿದ್ದ ಸಾಮಾನ್ಯ ತೆರಿಗೆದಾರರ ಮೂಲ ವಿನಾಯಿತಿ ಇಂದು ಹೊಸ ಪದ್ಧತಿಯಲ್ಲಿ 4 ಲಕ್ಷವಾಗಿದೆ. ಅಂದು 50 ಸಾವಿರಕ್ಕೆ 50 ಗ್ರಾಂ ಆಸುಪಾಸು ಚಿನ್ನ ಬರುತ್ತಿತ್ತು, ಇಂದು 5 ಗ್ರಾಂ ಕೂಡ ಬಾರದು.

ಮದುವೆಯ ಮುಯ್ಯಿಗೆ, ಅದನ್ನು ಯಾರೇ ಕೊಡಲಿ ಎಷ್ಟೇ ಕೊಡಲಿ, ತೆರಿಗೆಯಿಲ್ಲ ಎಂಬುದು ಬಹುತೇಕರಿಗೆ ಗೊತ್ತು. ಆದರೆ ಆ ವಿನಾಯಿತಿ ಮದುವೆಯಾಗುವ ವಧು-ವರರದ್ದು, ಅವರ ಹೆತ್ತವರದ್ದಲ್ಲ. ನಮ್ಮಲ್ಲಿ ಮುಯ್ಯಿಯ ಲಕೋಟೆಗಳು ಬಹುಮಟ್ಟಿಗೆ ತಂದೆಯ ಕೈಗೇ ಬಂದು, ಅವರ ಖಾತೆಗೇ ಜಮೆಯಾಗಿ, ಮುಂದೆ ನೋಟಿಸ್ ಬಂದಾಗ ವಿವರಿಸುವುದು ಕಷ್ಟವಾಗುತ್ತದೆ. ಯಾರ ಮನೆಗೆ ಎಷ್ಟು ಹಿಂದಿರುಗಿಸಬೇಕೆಂದು ನೋಡಿಕೊಳ್ಳಲು ಬರೆದಿಟ್ಟ ಮುಯ್ಯಿ ಪುಸ್ತಕವೇ ಆಗ ಒಳ್ಳೆಯ ದಾಖಲೆ, ಅದನ್ನು ಎಸೆಯಬಾರದು. ಗೃಹಪ್ರವೇಶ, ಉಪನಯನ, ಷಷ್ಟ್ಯಬ್ದಿಗೆ ಈ ವಿನಾಯಿತಿ ಅನ್ವಯಿಸದು. ಮದುವೆಯಲ್ಲೂ ಒಬ್ಬರಿಂದಲೇ 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ಸ್ಥಿರಾಸ್ತಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ದಾನಪತ್ರ ನೋಂದಣಿಯಾಗಿ, ಮುದ್ರಾಂಕ ಶುಲ್ಕ ಕಟ್ಟಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ಜನ ಭಾವಿಸುತ್ತಾರೆ. ಮುದ್ರಾಂಕದ ರಿಯಾಯಿತಿಗೆ ಬೇರೆಯೇ ಕಾನೂನು, ‘ಕುಟುಂಬ’ಕ್ಕೆ ಅಲ್ಲಿ ಬೇರೆಯೇ ಅರ್ಥ. ಪಟ್ಟಿಯ ಹೊರಗಿನವರಿಂದ ದಾನವಾಗಿ ಬಂದ ನಿವೇಶನದ ಮಾರ್ಗಸೂಚಿ ಮೌಲ್ಯ (ನೋಂದಣಿಗೆಂದು ಸರ್ಕಾರ ನಿಗದಿಪಡಿಸಿದ ಬೆಲೆ) 50 ಸಾವಿರ ಮೀರಿದ್ದರೆ ಪೂರ್ತಿ ಮೌಲ್ಯ ಪಡೆದವರ ಆದಾಯವಾಗುತ್ತದೆ. ಕೈಗೆ ನಗದು ಬರದಿದ್ದರೂ ತೆರಿಗೆಯನ್ನು ನಗದಿನಲ್ಲೇ ಕಟ್ಟಬೇಕು. ಕ್ರಯಪತ್ರದಲ್ಲೂ ಇದರ ನೆರಳುಂಟು. ಮಾರ್ಗಸೂಚಿ ಮೌಲ್ಯ 46 ಲಕ್ಷವಿರುವ ಮನೆಯನ್ನು 40 ಲಕ್ಷಕ್ಕೆ ಕೊಂಡರೆ, ವ್ಯತ್ಯಾಸ ಬೆಲೆಯ ಶೇ 10ನ್ನು ಮೀರುವುದರಿಂದ ಆ 6 ಲಕ್ಷವೂ ಕೊಂಡವರ ಆದಾಯವೇ. ಹೆಂಡತಿಗೆ ಅಥವಾ ಸೊಸೆಗೆ ಕೊಟ್ಟ ಹಣಕ್ಕೆ ತೆರಿಗೆಯಿಲ್ಲ, ಆದರೆ ಅದರಿಂದ ಬರುವ ಬಡ್ಡಿಯನ್ನು ಕೊಟ್ಟವರೇ ತಮ್ಮ ಆದಾಯಕ್ಕೆ ಸೇರಿಸಿಕೊಳ್ಳಬೇಕು. ಉಯಿಲಿನಿಂದ ಅಥವಾ ಉತ್ತರಾಧಿಕಾರದಿಂದ ಬಂದುದಕ್ಕೆ ಮಾತ್ರ ಕೊಟ್ಟವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಅಂದರೆ ಆ ಯುವಕನ ಹಣಕ್ಕೆ, ಆತ ತೀರಿಕೊಂಡು ಅದು ಉಯಿಲಿನ ಮೂಲಕ ಚಿಕ್ಕಪ್ಪನಿಗೆ ಸೇರಿದ್ದರೆ, ತೆರಿಗೆ ಇರುತ್ತಿರಲಿಲ್ಲ!

2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಿದ 2025ರ ಆದಾಯ ತೆರಿಗೆ ಕಾಯ್ದೆ ಭಾಷೆಯನ್ನು ಸರಳಗೊಳಿಸಿತು, ಕಲಮುಗಳ ಸಂಖ್ಯೆ ಬದಲಿಸಿತು. ಈ ಪಟ್ಟಿಯನ್ನಾಗಲಿ 50 ಸಾವಿರದ ಮಿತಿಯನ್ನಾಗಲಿ ಸಡಿಲಿಸಲಿಲ್ಲ. ನಾನು ಕೋರುವುದು ದೊಡ್ಡ ಸುಧಾರಣೆಯನ್ನಲ್ಲ. ಕೊಡುವಾಗ ಸಂಬಂಧಿಕರಾದವರು ಪಡೆಯುವಾಗಲೂ ಸಂಬಂಧಿಕರೇ ಎಂದು ಒಂದು ಸಾಲು ಸೇರಿಸಿದರೆ ಸಾಕು. ಕಪ್ಪುಹಣದ ಭಯವಿದ್ದರೆ ಅಂಥ ಉಡುಗೊರೆ ಬ್ಯಾಂಕಿನ ಮೂಲಕವೇ ಆಗಬೇಕೆಂದು ಷರತ್ತು ಹಾಕಬಹುದು. ಮಿತಿಯನ್ನೂ ಇಂದಿನ ಬೆಲೆಗೆ ತಕ್ಕಂತೆ ಏರಿಸಿ, ಮೀರಿದ ಭಾಗಕ್ಕಷ್ಟೇ ತೆರಿಗೆ ಹಾಕಲಿ. ನಮ್ಮ ರಾಜ್ಯದ ಸಂಸದರು ಮುಂದಿನ ಹಣಕಾಸು ಮಸೂದೆಯ ಚರ್ಚೆಯಲ್ಲಿ ಇದನ್ನು ಎತ್ತಬೇಕು.

ಆ ಯುವಕ ಕೊನೆಗೆ 6 ಲಕ್ಷವನ್ನು ಬಡ್ಡಿರಹಿತ ಕೈಸಾಲವಾಗಿ ಬ್ಯಾಂಕಿನ ಮೂಲಕ ಕೊಟ್ಟರು, ಸಾಲಕ್ಕೆ ತೆರಿಗೆಯಿಲ್ಲ. ಸಾಲಪತ್ರದ ಕರಡನ್ನು ನಾನೇ ಬರೆದೆ. ಸಾಲಗಾರನ ಹೆಸರಿನ ಕೆಳಗೆ ಚಿಕ್ಕಪ್ಪ ಸಹಿ ಹಾಕುವಾಗ ಆತ ನನ್ನ ಕೋಣೆಯಿಂದ ಎದ್ದು ಹೊರಗೆ ಹೋಗಿ ನಿಂತಿದ್ದರು.

ಇತಿ,
ಒಬ್ಬ ತೆರಿಗೆ ಸಲಹೆಗಾರ